ಅರ್ಬುದರೋಗವೂ ಕುಟುಂಬಶೋಕವೂ

ಮರಣಾನಂತರದ ಶೋಕಕ್ಕೆ ಲೋಕದಲ್ಲಿ ವಿಧಿಗಳ ಕೊರತೆಯಿಲ್ಲ. ದಾವಣಗೆರೆ ಹರಿಹರಗಳ ಸೀಮೆಯೊಂದನ್ನೇ ತೆಗೆದುಕೊಂಡರೂ ಈ ಮಾತು ಸ್ಪಷ್ಟವಾಗುತ್ತದೆ. ಬ್ರಾಹ್ಮಣರ ಮನೆಗಳಲ್ಲಿ ಹತ್ತು ದಿನಗಳ ಸೂತಕವೂ ಹದಿಮೂರನೆಯ ದಿನದ ವೈಕುಂಠಸಮಾರಾಧನೆಯೂ ಉಂಟು. ವೀರಶೈವರು ಲಿಂಗೈಕ್ಯರಾದವರನ್ನು ಸಮಾಧಿಗೊಳಿಸಿ, ಬಂಧುಬಳಗವನ್ನೂ ಜಂಗಮರನ್ನೂ ಕರೆದು ಶಿವಗಣಾರಾಧನೆಯನ್ನು ನಡೆಯಿಸುವರು. ಮುಸಲ್ಮಾನರಲ್ಲಿ ಮೂರನೆಯ ದಿನದ ಜಿಯಾರತೂ, ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತೂ ನಿಯತವಾಗಿವೆ. ಇಷ್ಟು ದಿನ ಅಳಬಹುದು, ಇಷ್ಟು ದಿನ ನೆರೆಯವರು ಅನ್ನ ತಂದುಕೊಡುವರು, ಇಂಥ ದಿನ ಮತ್ತೆ ಅಂಗಡಿಯ ಬಾಗಿಲನ್ನು ತೆರೆಯಬಹುದು ಎಂದು ಈ ವಿಧಿಗಳೆಲ್ಲವೂ ದುಃಖಿತರಿಗೆ ದಾರಿಯನ್ನು ತೋರಿಸುತ್ತವೆ. ಆದರೆ ಮರಣಕ್ಕೆ ಮೊದಲೇ, ರೋಗಿಯು ಇನ್ನೂ ಕಣ್ಣೆದುರಿಗೆ ಕುಳಿತು ಮಾತನಾಡುತ್ತಿರುವಾಗಲೇ, ಮನೆಯನ್ನು ಹೊಗುವ ಶೋಕವೊಂದುಂಟು. ವೈದ್ಯನ ಬಾಯಿಂದ ಕ್ಯಾನ್ಸರ್ ಎಂಬ ಹೆಸರು ಹೊರಟ ಗಳಿಗೆಯಲ್ಲಿ ಅದು ಹುಟ್ಟುತ್ತದೆ. ಅದಕ್ಕೆ ವಿಧಿಯಿಲ್ಲ, ದಿನಗಣನೆಯಿಲ್ಲ, ಸಮಾಧಾನ ಹೇಳಲು ಬರುವವರೂ ಇಲ್ಲ. ಈ ಶೋಕದ ಚರಿತ್ರೆಯು ವೈದ್ಯಗ್ರಂಥಗಳಲ್ಲಿ ಅಲ್ಪವಾಗಿಯೂ, ಮನೆಗಳ ನೆನಪಿನಲ್ಲಿ ಅಧಿಕವಾಗಿಯೂ ಅಡಗಿದೆ. ಅದನ್ನು ಕೆಲಮಟ್ಟಿಗೆ ಒಂದೆಡೆಯಲ್ಲಿ ಕೂಡಿಸಿ ನೋಡುವುದು ವಾಚಕರಿಗೆ ನಿಷ್ಪ್ರಯೋಜಕವಾಗಲಾರದು.

1. ಹೆಸರಿನ ಪೂರ್ವೋತ್ತರ

ರೋಗವು ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವನ್ನು ಹೇಳಿದೆ: ದುಂಡಾಗಿಯೂ ಸ್ಥಿರವಾಗಿಯೂ ಇರುವುದು, ನೋವು ಅಲ್ಪ, ಬೇರು ಆಳ, ಬೆಳೆವಣಿಗೆ ನಿಧಾನ, ಕೀವುಗಟ್ಟುವುದಿಲ್ಲ. ಒಂದರ ಮೇಲೊಂದು ಹುಟ್ಟಿದರೆ ಅದು ಅಧ್ಯರ್ಬುದ, ಒಮ್ಮೆಗೇ ಎರಡು ತೋರಿದರೆ ದ್ವಿರರ್ಬುದ, ಇದು ಅಸಾಧ್ಯ. ಯವನದೇಶದ ವೈದ್ಯರು ಇದೇ ರೋಗವನ್ನು ಏಡಿಗೆ ಹೋಲಿಸಿ ಕಾರ್ಕಿನೋಸ್ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಅದು ಕ್ಯಾನ್ಸರ್ ಆಯಿತು. ಕನ್ನಡದಲ್ಲಿ ಏಡಿಗಂತಿ ಎಂಬ ಶಬ್ದವು ಅದೇ ಹೋಲಿಕೆಯನ್ನು ಉಳಿಸಿಕೊಂಡಿದೆ.

ಆದರೆ ಗ್ರಂಥದ ಹೆಸರುಗಳು ಬೇರೆ, ಮನೆಯ ಹೆಸರುಗಳು ಬೇರೆ. ಮನೆಗಳಲ್ಲಿ ಈ ರೋಗವನ್ನು "ಗಡ್ಡೆ" ಎನ್ನುವರು, "ಗಂಟು" ಎನ್ನುವರು, "ವಾಸಿಯಾಗದ ಹುಣ್ಣು" ಎನ್ನುವರು. ಹೆಸರನ್ನೇ ಎತ್ತದೆ "ಆ ಕಾಯಿಲೆ" ಎಂದು ಬಿಡುವವರೂ ಉಂಟು. ಸಿಡುಬನ್ನು ಅಮ್ಮನೆಂದು ಕರೆದು, ಬೇವಿನ ಸೊಪ್ಪನ್ನು ಕಟ್ಟಿ, ಮೊಸರನ್ನವನ್ನು ಎಡೆಯಿಟ್ಟು ಗೌರವಿಸಿದ ಜನವು ಈ ರೋಗಕ್ಕೆ ಅಂಥ ಸಲಿಗೆಯ ಹೆಸರೊಂದನ್ನು ಕೊಡಲಿಲ್ಲ. ದೇವತೆಯೆಂದು ಕರೆದದ್ದನ್ನು ಬೇಡಿಕೊಳ್ಳಬಹುದು. ಹೆಸರೇ ಇಲ್ಲದ್ದನ್ನು ಬೇಡಿಕೊಳ್ಳುವುದು ಹೇಗೆ?

ಇದಕ್ಕೆ ಕಾರಣವೂ ಇಲ್ಲದಿಲ್ಲ. ಹಿಂದಿನ ಕಾಲದ ಮನೆಗಳು ಮರಣವನ್ನು ಕಂಡ ಬಗೆಯೇ ಬೇರೆ. 1898ರಲ್ಲಿ ಪ್ಲೇಗು ಮೈಸೂರು ಸೀಮೆಯನ್ನು ಹೊಕ್ಕಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಪ್ಲೇಗಿನ ದಿನಗಳಲ್ಲಿ ಜನರು ಊರನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಆ ರೋಗಗಳು ಕೆಲವೇ ದಿನಗಳಲ್ಲಿ ಮನುಷ್ಯನನ್ನು ಒಯ್ಯುತ್ತಿದ್ದುವು. ದುಃಖವೆಲ್ಲವೂ ಮರಣದ ತರುವಾಯದ್ದೇ ಆಗಿತ್ತು. 1947ರ ಸುಮಾರಿಗೆ ಭಾರತೀಯನ ಸರಾಸರಿ ಆಯುಸ್ಸು 32 ವರ್ಷಗಳಷ್ಟಿದ್ದುದು ಇಂದು 70ರ ಆಸುಪಾಸಿಗೆ ಏರಿದೆ. ಸಾಂಕ್ರಾಮಿಕಗಳು ಹಿಂದೆ ಸರಿದು, ಮನುಷ್ಯರು ಹೆಚ್ಚು ಕಾಲ ಬಾಳತೊಡಗಿದ ಮೇಲೆ, ಬಾಳಿನ ಉತ್ತರಾರ್ಧದಲ್ಲಿ ಕಾದಿರುವ ಈ ನಿಧಾನರೋಗವು ಎದ್ದು ಕಾಣತೊಡಗಿತು. ಅದರೊಡನೆಯೇ, ತಿಂಗಳುಗಟ್ಟಲೆ ವರ್ಷಗಟ್ಟಲೆ ಮುಂಚಿತವಾಗಿ ಅನುಭವಿಸತಕ್ಕ ಶೋಕವೂ ಮನೆಗಳಿಗೆ ಪರಿಚಯವಾಯಿತು.

2. ಕಾಶೀಪುರದ ಶಯ್ಯಾಗೃಹ

ಒಂದು ರೋಗಿಯ ಸುತ್ತಣ ಬಳಗವು ಈ ಶೋಕವನ್ನು ಹೇಗೆ ಎದುರಿಸಿತೆಂಬುದಕ್ಕೆ ಶ್ರೀ ರಾಮಕೃಷ್ಣ ಪರಮಹಂಸರ ಕೊನೆಯ ವರ್ಷವು ಸುಪ್ರಸಿದ್ಧವಾದ ನಿದರ್ಶನವಾಗಿದೆ. 1885ರಲ್ಲಿ ಅವರಿಗೆ ಗಂಟಲುನೋವು ತೋರಿತು. ಕಲ್ಕತ್ತೆಯ ಶ್ಯಾಮಪುಕುರದ ಮನೆಗೂ, ಆ ವರ್ಷದ ಡಿಸೆಂಬರಿನಲ್ಲಿ ಕಾಶೀಪುರದ ತೋಟದ ಮನೆಗೂ ಅವರನ್ನು ಕರೆತಂದರು. ಭಾರತೀಯ ವಿಜ್ಞಾನ ಪರಿಷತ್ತನ್ನು 1876ರಲ್ಲಿ ಸ್ಥಾಪಿಸಿದ ಡಾಕ್ಟರ್ ಮಹೇಂದ್ರಲಾಲ ಸರಕಾರರು ಚಿಕಿತ್ಸೆ ಮಾಡಿದರು. ರೋಗವು ಕ್ಯಾನ್ಸರ್ ಎಂದು ನಿಶ್ಚಯವಾದ ಮೇಲೆ ಬಳಗದವರಲ್ಲಿ ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ನಡೆದುಕೊಂಡರು. ಕೆಲವರು ಇದು ಗುರುಗಳ ಲೀಲೆಯೆಂದು ನಂಬಿ ರೋಗವನ್ನೇ ಅಲ್ಲಗಳೆದರು. ಕೆಲವರು ಔಷಧೋಪಚಾರದಲ್ಲಿ ಮುಳುಗಿದರು. ಶಾರದಾದೇವಿಯವರು ಶ್ಯಾಮಪುಕುರದ ಮನೆಯ ಇಕ್ಕಟ್ಟಾದ ಎಡೆಯಲ್ಲಿ ದಿನವೆಲ್ಲ ಇದ್ದು, ನುಂಗಲು ಆಗುವಂಥ ಪಥ್ಯವನ್ನು ಬೇಯಿಸಿಕೊಡುತ್ತಿದ್ದರು.

ರೋಗವು ಅಂಟುವುದೆಂಬ ಶಂಕೆಯೂ ಆ ಬಳಗದಲ್ಲಿ ಒಮ್ಮೆ ಹಬ್ಬಿತು. ಆಗ ನರೇಂದ್ರನಾಥರು, ಎಂದರೆ ಮುಂದೆ ವಿವೇಕಾನಂದರಾದವರು, ರೋಗಿಯು ಕುಡಿದು ಉಳಿದಿದ್ದ ಗಂಜಿಯ ಬಟ್ಟಲನ್ನು ಎತ್ತಿಕೊಂಡು ಎಲ್ಲರೆದುರಿಗೂ ಕುಡಿದರೆಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ. ಶಂಕೆಯು ಅಲ್ಲಿಗೆ ನಿಂತಿತು. 1886ನೆಯ ಆಗಸ್ಟ್ 16ರಂದು ಪರಮಹಂಸರು ಸಮಾಧಿಸ್ಥರಾದರು. ಅದೇ ವರ್ಷ ಬರಾಹನಗರದಲ್ಲಿ ಮಠವು ಹುಟ್ಟಿತು. ರೋಗಿಯ ಸುತ್ತ ಎಂಟು ತಿಂಗಳು ಸರದಿಯ ಮೇಲೆ ಎಚ್ಚರವಿದ್ದ ಯುವಕರನ್ನು ಆ ಶುಶ್ರೂಷೆಯೇ ಒಂದು ಕುಟುಂಬವನ್ನಾಗಿ ಬೆಸೆದಿತ್ತು.

ಆ ಗಂಜಿಯ ಬಟ್ಟಲಿನ ಸಂಗತಿಯು ಇಂದಿಗೂ ಹಳೆಯದಾಗಿಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವ, ಮಕ್ಕಳನ್ನು ಹಾಸಿಗೆಯ ಹತ್ತಿರ ಸುಳಿಯಗೊಡದ ಮನೆಗಳು ಇನ್ನೂ ಇವೆ. ಕ್ಯಾನ್ಸರ್ ರೋಗವು ಒಬ್ಬರಿಂದೊಬ್ಬರಿಗೆ ಅಂಟತಕ್ಕದ್ದಲ್ಲವೆಂಬುದು ನಿರ್ವಿವಾದವಾದ ಮಾತು. ತಟ್ಟೆಯನ್ನು ಬೇರ್ಪಡಿಸಿದ ದಿನವೇ ರೋಗಿಯು ತನ್ನ ಮನೆಯಲ್ಲಿ ತಾನು ಅತಿಥಿಯಾದೆನೆಂದು ಅರಿಯುತ್ತಾನೆ.

3. ಮೈಸೂರು ಸಂಸ್ಥಾನದಲ್ಲಿ ಬೆಳೆದ ಒಬ್ಬ ಮಗಳು

ಕಾಶೀಪುರದ ಶೋಕವು ಮಠವಾಯಿತು. ಮತ್ತೊಂದು ಮನೆಯ ಶೋಕವು ಆಸ್ಪತ್ರೆಯಾಯಿತು. ಆ ಮನೆಯ ಸಂಬಂಧವು ಮೈಸೂರು ಸೀಮೆಗೆ ಸೇರಿದ್ದು. ಮೈಸೂರು ಸಂಸ್ಥಾನದಲ್ಲಿ ವಿದ್ಯಾಭ್ಯಾಸದ ಇನ್‌ಸ್ಪೆಕ್ಟರ್ ಜನರಲ್ ಪದವಿಯಲ್ಲಿದ್ದ ಹೋರ್ಮಸ್‌ಜಿ ಭಾಭಾ ಎಂಬವರ ಮಗಳು ಮೆಹರ್‌ಬಾಯಿ. ಮುಂಬಯಿಯಲ್ಲಿ 1879ರಲ್ಲಿ ಹುಟ್ಟಿದರೂ ಆಕೆಯ ಬಾಲ್ಯವು ಈ ಸಂಸ್ಥಾನದಲ್ಲಿ ಕಳೆಯಿತು. ಕಾರ್ಯಾರ್ಥವಾಗಿ ಮೈಸೂರಿಗೆ ಬಂದಿದ್ದ ಜಮಸೇಟ್‌ಜಿ ತಾತಾ ಅವರು ಭಾಭಾ ಅವರ ಮನೆಯಲ್ಲಿ ಈ ಕನ್ಯೆಯನ್ನು ಕಂಡು ಮೆಚ್ಚಿ, ತಮ್ಮ ಹಿರಿಯ ಮಗ ದೊರಾಬ್‌ಜಿಯನ್ನು ಅಲ್ಲಿಗೆ ಕಳುಹಿಸಿದರು. ಆ ಭೇಟಿಯಿಂದ ವಿವಾಹವು ಕೂಡಿಬಂದಿತು.

ಮೆಹರ್‌ಬಾಯಿಯವರಿಗೆ ರಕ್ತದ ಕ್ಯಾನ್ಸರ್ ಆದ ಲ್ಯೂಕೀಮಿಯಾ ಬಂದಿತು. 1931ನೆಯ ಜೂನ್ 18ರಂದು ಇಂಗ್ಲೆಂಡಿಗೆ ಹತ್ತಿದ ವೇಲ್ಸ್ ದೇಶದ ಶುಶ್ರೂಷಾಲಯವೊಂದರಲ್ಲಿ ಅವರು ತೀರಿಕೊಂಡರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ದೊರಾಬ್‌ಜಿಯವರು 1932ರ ಏಪ್ರಿಲಿನಲ್ಲಿ ಪತ್ನಿಯ ಹೆಸರಿನಲ್ಲಿ ಲ್ಯೂಕೀಮಿಯಾ ಸಂಶೋಧನೆಗಾಗಿ ಒಂದು ನಿಧಿಯನ್ನು ಏರ್ಪಡಿಸಿದರು. ಅದೇ ವರ್ಷದ ಜೂನ್ 3ರಂದು, ಪತ್ನಿಯ ವರ್ಷಾಂತಿಕಕ್ಕೆ ಹದಿನೈದು ದಿನಗಳು ಉಳಿದಿರುವಾಗ, ಜರ್ಮನಿಯಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಆಸ್ತಿಯ ಧರ್ಮನಿಧಿಯಿಂದ ಮುಂಬಯಿಯ ಪರೇಲಿನಲ್ಲಿ ತಾತಾ ಮೆಮೋರಿಯಲ್ ಆಸ್ಪತ್ರೆಯು 1941ನೆಯ ಫೆಬ್ರುವರಿ 28ರಂದು ತೆರೆಯಿತು. 1957ರಲ್ಲಿ ಅದು ಕೇಂದ್ರಸರಕಾರದ ಆರೋಗ್ಯ ಶಾಖೆಗೂ, 1962ರಲ್ಲಿ ಅಣುಶಕ್ತಿ ಇಲಾಖೆಗೂ ವಹಿಸಲ್ಪಟ್ಟಿತು. ಆಗ ಆ ಇಲಾಖೆಯ ಮುಖ್ಯರಾಗಿದ್ದ ಡಾಕ್ಟರ್ ಹೋಮಿ ಭಾಭಾ ಅವರು ಮೆಹರ್‌ಬಾಯಿಯವರ ಸೋದರನ ಮಗನೆಂಬುದು ಸ್ಮರಣೀಯವಾದ ಸಂಗತಿ.

ಮದರಾಸಿನಲ್ಲಿಯೂ ಇಂಥದೇ ಕಥೆ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1912ರಲ್ಲಿ ಮದರಾಸಿನ ವೈದ್ಯ ಕಾಲೇಜಿನಿಂದ ಪದವಿ ಪಡೆದವರು. ತಮ್ಮ ತಂಗಿಯು ಕ್ಯಾನ್ಸರಿನಿಂದ ನರಳಿ ಸತ್ತುದನ್ನು ಕಣ್ಣಾರೆ ಕಂಡರು. ತಾನು ವೈದ್ಯಳಾಗಿಯೂ ಒಡಹುಟ್ಟಿದವಳನ್ನು ಉಳಿಸಿಕೊಳ್ಳಲಾರದೆ ಹೋದ ಆ ದುಃಖವು ಅವರನ್ನು ದಶಕಗಳ ಕಾಲ ಬಿಡಲಿಲ್ಲ. 1952ರಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರಿಂದ ಶಂಕುಸ್ಥಾಪನೆಯಾಗಿ, 1954ರಲ್ಲಿ ಅಡೆಯಾರಿನ ಕ್ಯಾನ್ಸರ್ ಸಂಸ್ಥೆಯು ಹನ್ನೆರಡು ಹಾಸಿಗೆಗಳೊಡನೆ ಕೆಲಸವನ್ನಾರಂಭಿಸಿತು.

4. ರೈಲುದಾರಿಯ ಎರಡು ತುದಿ

ಐಶ್ವರ್ಯವಂತರ ಶೋಕವು ಹೀಗೆ ಕಟ್ಟಡಗಳಾಗಿ ನಿಂತಿತು. ಸಾಮಾನ್ಯ ಗೃಹಸ್ಥನ ಪಾಡೇನು? ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿಯು 1889ರಲ್ಲಿ ಮುಗಿದಂದಿನಿಂದ ದಾವಣಗೆರೆಯ ಹತ್ತಿಯೂ ಜೋಳವೂ ಆ ದಾರಿಯಲ್ಲಿ ಹೋದಂತೆ ರೋಗಿಗಳೂ ಹೋದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆದಿತ್ತು. ಆದರೆ ಕ್ಯಾನ್ಸರಿಗೆಂದೇ ಮೀಸಲಾದ ಚಿಕಿತ್ಸೆ ಬೇಕಾದವರಿಗೆ ಬಹುಕಾಲ ಮುಂಬಯಿಯೋ ಮದರಾಸೋ ವೆಲ್ಲೂರೋ ಗತಿಯಾಗಿತ್ತು. ಅಲ್ಲಿಯ ಭಾಷೆ ತಿಳಿಯದು, ಇಳಿದುಕೊಳ್ಳಲು ಬಂಧುಗಳಿಲ್ಲ. ರೋಗಿಯೊಡನೆ ಮನೆಯ ದುಡಿಯುವ ಗಂಡಸೊಬ್ಬನೂ ಅಡಿಗೆಮಾಡುವ ಹೆಂಗಸೊಬ್ಬಳೂ ಹೊರಟರೆ, ಊರಿನಲ್ಲಿ ಉಳಿದ ಮಕ್ಕಳು ಅಜ್ಜಿಯ ಮಡಿಲಿಗೆ ಬೀಳುತ್ತಿದ್ದರು.

1973ನೆಯ ಜೂನ್ 26ರಂದು ಬೆಂಗಳೂರಿನಲ್ಲಿ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ಆರಂಭವಾದುದು ಕನ್ನಡನಾಡಿನ ರೋಗಿಗಳ ಪಾಲಿಗೆ ದೊಡ್ಡ ತಿರುವು. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ದಕ್ಷಿಣದ ದಾರಿಯ ತುದಿಯಲ್ಲಿ ಅದು, ಉತ್ತರದ ದಾರಿಯಲ್ಲಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ. ದಾವಣಗೆರೆಯಲ್ಲಿಯೇ 1965ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯ ಕಾಲೇಜು ಸ್ಥಾಪಿತವಾಗಿದ್ದುದರಿಂದ, ಗಂಟಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಹೇಳುವವರು ಊರಿನಲ್ಲಿಯೇ ದೊರೆಯುವಂತಾಯಿತು.

ಆದರೂ ಬೆಂಗಳೂರಿಗೆ ಸುಮಾರು 260 ಕಿಲೋಮೀಟರುಗಳ ದಾರಿ. ವಿಕಿರಣ ಚಿಕಿತ್ಸೆಯು ವಾರಕ್ಕೆ ಐದು ದಿನಗಳಂತೆ ಆರೇಳು ವಾರಗಳವರೆಗೂ ನಡೆಯುವುದುಂಟು. ಆ ದಿನಗಳಲ್ಲಿ ಮನೆಯ ಲೆಕ್ಕವು ತಲೆಕೆಳಗಾಗುತ್ತದೆ. ಹೊಲವನ್ನು ಅಡವಿಟ್ಟವರು, ಮಗಳ ಮದುವೆಗೆಂದು ಕೂಡಿಟ್ಟ ಬಂಗಾರವನ್ನು ಮಾರಿದವರು ಎಷ್ಟೋ ಮಂದಿ. ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಬಂದ ಯಶಸ್ವಿನಿ, ಬಡ ಕುಟುಂಬಗಳಿಗಾಗಿ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಇವು ಈ ಭಾರವನ್ನು ಕೆಲಮಟ್ಟಿಗೆ ಇಳಿಸಿವೆ. ಆದರೆ ಬಸ್ಸಿನ ಖರ್ಚು, ಕಳೆದುಹೋದ ಕೂಲಿ, ನಿಂತುಹೋದ ಮಗನ ಓದು ಇವುಗಳನ್ನು ಯಾವ ಯೋಜನೆಯೂ ಪೂರ್ಣವಾಗಿ ತುಂಬಿಕೊಡಲಾರದು. ಚಿಕಿತ್ಸೆಗೆ ಹಣ ಸಾಲದೆ ನಡುವೆ ನಿಲ್ಲಿಸಿದ ಮನೆಯವರಿಗೆ ಆ ಮೇಲಿನ ಶೋಕದಲ್ಲಿ ಸಾಲದ ಕಹಿಯೂ ಬೆರೆತಿರುತ್ತದೆ.

5. ಮುಚ್ಚಿಡುವ ಪದ್ಧತಿ

ಇನ್ನು ಈ ಶೋಕದ ಅತ್ಯಂತ ಸೂಕ್ಷ್ಮವಾದ ಅಂಶಕ್ಕೆ ಬರತಕ್ಕದ್ದು. ಮಂಡಿಪೇಟೆಯ ವರ್ತಕರ ಮನೆಯಾಗಲಿ, ಸರಸ್ವತಿ ನಗರದ ಉಪಾಧ್ಯಾಯರ ಮನೆಯಾಗಲಿ, ಪರೀಕ್ಷೆಯ ಫಲವು ಬಂದಾಗ ನಡೆಯುವುದು ಹೆಚ್ಚುಕಡಿಮೆ ಒಂದೇ ರೀತಿ. ಹಿರಿಯ ಮಗನೋ ಅಳಿಯನೋ ವೈದ್ಯರನ್ನು ಬಾಗಿಲ ಹೊರಗೆ ಕಂಡು, "ಅಪ್ಪಾಜಿಯವರಿಗೆ ಮಾತ್ರ ಹೇಳಬೇಡಿರಿ, ಧೈರ್ಯ ಕುಂದೀತು" ಎಂದು ಕೈಮುಗಿಯುತ್ತಾನೆ. ಅತ್ತ ಆ ತಂದೆಯು ತನ್ನ ಮೈಯ ಸಂಗತಿಯನ್ನು ಬಹಳ ಮೊದಲೇ ಅರಿತಿರುತ್ತಾನೆ. ಮಕ್ಕಳು ನೊಂದಾರೆಂದು ಅವನೂ ಸುಮ್ಮನಿರುತ್ತಾನೆ. ಒಂದೇ ಮನೆಯಲ್ಲಿ ಎಲ್ಲರಿಗೂ ತಿಳಿದ ಸುದ್ದಿಯನ್ನು ಎಲ್ಲರೂ ಎಲ್ಲರಿಂದಲೂ ಮುಚ್ಚಿಡುತ್ತಾರೆ. ಆಸ್ತಿಯ ಮಾತು, ಸಾಲದ ಮಾತು, ಕಿರಿಯವನ ಮದುವೆಯ ಮಾತು, ಹಿಂದೆಂದೋ ಆಡಿದ ಕಟುಮಾತಿಗೆ ಕೇಳಬೇಕಾಗಿದ್ದ ಕ್ಷಮೆ ಎಲ್ಲವೂ ಹಾಗೆಯೇ ಉಳಿದುಹೋಗುತ್ತವೆ.

ಇದು ಕನ್ನಡಿಗರಿಗೆ ಮಾತ್ರ ವಿಶಿಷ್ಟವಾದ ದೌರ್ಬಲ್ಯವೆಂದು ತಿಳಿಯಬೇಕಾಗಿಲ್ಲ. ಅಮೆರಿಕೆಯ ಚಿಕಾಗೋ ನಗರದಲ್ಲಿ ಡೊನಾಲ್ಡ್ ಓಕನ್ ಎಂಬವರು ವೈದ್ಯರನ್ನು ವಿಚಾರಿಸಿ 1961ರಲ್ಲಿ ಪ್ರಕಟಿಸಿದ ವರದಿಯಂತೆ ಸುಮಾರು ನೂರಕ್ಕೆ 90 ಮಂದಿ ವೈದ್ಯರು ರೋಗಿಗೆ ಕ್ಯಾನ್ಸರೆಂದು ಹೇಳದಿರುವುದೇ ಲೇಸೆಂದಿದ್ದರು. 1979ರಲ್ಲಿ ಅದೇ ಪ್ರಶ್ನೆಯನ್ನು ಬೇರೆಯವರು ಮತ್ತೆ ಕೇಳಿದಾಗ ನೂರಕ್ಕೆ 97 ಮಂದಿ ಹೇಳತಕ್ಕದ್ದೆಂದರು. ಹದಿನೆಂಟು ವರ್ಷಗಳಲ್ಲಿ ಮನುಷ್ಯಸ್ವಭಾವವು ಬದಲಾಗಲಿಲ್ಲ. ಚಿಕಿತ್ಸೆ ಸುಧಾರಿಸಿತು, ಹೇಳುವ ಬಗೆಯನ್ನು ವೈದ್ಯರು ಕಲಿತರು.

ಮುಚ್ಚಿಡುವುದಕ್ಕೆ ಇಲ್ಲಿಯ ಮನೆಗಳಲ್ಲಿ ಬೇರೊಂದು ಕಾರಣವೂ ಉಂಟು. "ಆ ಮನೆತನದಲ್ಲಿ ಆ ಕಾಯಿಲೆ ಇದೆಯಂತೆ" ಎಂಬ ಮಾತು ಹೆಣ್ಣುಮಕ್ಕಳ ಸಂಬಂಧಗಳಿಗೆ ಅಡ್ಡಬರುವುದೆಂಬ ಭಯ. ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರವೇ ವಂಶಾನುಗತವಾದ ದೋಷದಿಂದ ಬರತಕ್ಕವು. ಉಳಿದವುಗಳಿಗೆ ಮನೆತನವು ಹೊಣೆಯಲ್ಲ. ವಂಶಾನುಗತವಾದಲ್ಲಿಯೂ ಮುಚ್ಚಿಡುವುದರಿಂದ ಕೇಡೇ ಹೆಚ್ಚು. ತಾಯಿಗೆ ಸ್ತನದ ಕ್ಯಾನ್ಸರ್ ಬಂದಿತ್ತೆಂಬುದನ್ನು ಅರಿಯದ ಮಗಳು ಕಾಲದಲ್ಲಿ ಪರೀಕ್ಷೆಗೆ ಹೋಗಲಾರಳು.

ಮೂರನೆಯದು ತಪ್ಪಿನ ಭಾವ. ಬಾಯಿಯ ಕ್ಯಾನ್ಸರ್ ಬಂದ ಮನೆಯಲ್ಲಿ ಎಲೆಯಡಿಕೆ ಹೊಗೆಸೊಪ್ಪಿನ ಚೀಲವು ದೂಷಣೆಯ ವಸ್ತುವಾಗುತ್ತದೆ. ಹೊಗೆಸೊಪ್ಪು ಸೇರದ ಬರಿಯ ಅಡಿಕೆಯೂ ಕ್ಯಾನ್ಸರನ್ನು ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನ ಮಂಡಲಿಯು 2004ರಲ್ಲಿ ಪ್ರಕಟಿಸಿತು. ಚನ್ನಗಿರಿಯಂಥ ಅಡಿಕೆಯ ತಾಲ್ಲೂಕನ್ನು ಒಳಗೊಂಡ ಜಿಲ್ಲೆಯಲ್ಲಿ, ಅತಿಥಿಗೆ ತಾಂಬೂಲ ಕೊಡುವುದೇ ಮರ್ಯಾದೆಯಾಗಿರುವಲ್ಲಿ, ಈ ಮಾತು ಕಿವಿಗೆ ಕಹಿಯೇ ಸರಿ. ಮಾತು ತಿಳಿದು ಚಟವನ್ನು ಬಿಡಿಸುವುದು ಬೇರೆ. ಹಾಸಿಗೆ ಹಿಡಿದವನಿಗೆ "ನೀನೇ ತಂದುಕೊಂಡೆ" ಎನ್ನುವುದು ಬೇರೆ. ಎರಡನೆಯದರಿಂದ ಯಾರಿಗೂ ಗುಣವಾದುದಿಲ್ಲ.

6. ಪೂರ್ವಶೋಕವೂ ಉಪಶಮನವೂ

ಮರಣಕ್ಕೆ ಮುನ್ನವೇ ಬರುವ ಶೋಕವನ್ನು ಗುರುತಿಸಿ ಅದಕ್ಕೆ ಹೆಸರಿಟ್ಟವರು ಬಾಸ್ಟನ್ನಿನ ಮನೋವೈದ್ಯ ಎರಿಕ್ ಲಿಂಡೆಮನ್. 1944ರ ತಮ್ಮ ಲೇಖನದಲ್ಲಿ ಅವರು, ಯುದ್ಧಕ್ಕೆ ಹೋದವರ ಮನೆಯವರು ಸಾವಿನ ಸುದ್ದಿ ಬರುವ ಮೊದಲೇ ಶೋಕದ ಎಲ್ಲ ಅವಸ್ಥೆಗಳನ್ನೂ ಅನುಭವಿಸಿಬಿಡುವುದನ್ನು ತೋರಿಸಿದರು. ಹಾಗೆ ಮುಂಚಿತವಾಗಿ ಅತ್ತು ಮುಗಿಸಿದವರು ಕೆಲವೊಮ್ಮೆ ಬದುಕಿರುವವನಿಂದಲೇ ಮನಸ್ಸನ್ನು ಹಿಂತೆಗೆದುಕೊಳ್ಳುತ್ತಾರೆಂಬ ಎಚ್ಚರಿಕೆಯೂ ಅದರಲ್ಲಿದೆ. ಕ್ಯಾನ್ಸರಿನ ಮನೆಗಳಲ್ಲಿ ಇದು ಕಾಣದ ಸಂಗತಿಯಲ್ಲ: ಎಲ್ಲ ಸೇವೆಯೂ ನಡೆಯುತ್ತಿರುತ್ತದೆ, ಆದರೆ ರೋಗಿಯನ್ನು ಯಾವ ವಿಷಯದಲ್ಲಿಯೂ ಯಾರೂ ಕೇಳುವುದಿಲ್ಲ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸ್ ಅವರು ದೇಹದ ನೋವು, ಮನಸ್ಸಿನ ನೋವು, ಕುಟುಂಬದ ಚಿಂತೆ, ಆತ್ಮದ ತಳಮಳ ಇವು ನಾಲ್ಕೂ ಸೇರಿ ಒಂದೇ ನೋವೆಂದು ಬೋಧಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರಿನ ನೋವನ್ನು ಅಡಗಿಸಲು ಮೂರು ಮೆಟ್ಟಲಿನ ಕ್ರಮವನ್ನು ಪ್ರಕಟಿಸಿತು. ಅದರ ಮೇಲಣ ಮೆಟ್ಟಲು ಮಾರ್ಫೀನು. ವಿಪರ್ಯಾಸವೆಂದರೆ, ಭಾರತದ 1985ರ ಮಾದಕವಸ್ತು ಕಾನೂನಿನ ಕಟ್ಟುಗಳಿಂದಾಗಿ ಅಫೀಮು ಬೆಳೆಯುವ ಈ ದೇಶದಲ್ಲಿಯೇ ರೋಗಿಗೆ ಮಾರ್ಫೀನು ದುರ್ಲಭವಾಯಿತು. 2014ರ ತಿದ್ದುಪಡಿಯು ಆ ಕಟ್ಟನ್ನು ಸಡಿಲಿಸಿತು. ನಡುವಣ ಮೂರು ದಶಕಗಳಲ್ಲಿ ಎಷ್ಟೋ ಮನೆಗಳವರು ರೋಗಿಯ ನರಳಾಟವನ್ನು ರಾತ್ರಿಯೆಲ್ಲ ಕೇಳುತ್ತ ಕುಳಿತಿದ್ದರು. ಸತ್ತವರ ಮುಖವು ಮರೆತರೂ ಆ ದನಿಯು ಮರೆಯುವುದಿಲ್ಲ.

ಬೆಂಗಳೂರಿನಲ್ಲಿ 1994ರಲ್ಲಿ ರೂಪುಗೊಂಡ ಧರ್ಮಸಂಸ್ಥೆಯೊಂದು 1999ರಲ್ಲಿ ಕರುಣಾಶ್ರಯವೆಂಬ ಶುಶ್ರೂಷಾಲಯವನ್ನು ತೆರೆದು, ಚಿಕಿತ್ಸೆಯು ಫಲಿಸದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ. ಇಂಥ ಎಡೆಗಳ ಮುಖ್ಯವಾದ ಉಪಕಾರವು ಔಷಧಕ್ಕಿಂತಲೂ ವಿಸ್ತಾರವಾದದ್ದು: ಅಲ್ಲಿ ರೋಗದ ಹೆಸರನ್ನು ಪಿಸುಮಾತಿನಲ್ಲಿ ಹೇಳಬೇಕಾಗಿಲ್ಲ.

7. ಉಪಸಂಹಾರ

ಎಲ್ಲ ಕ್ಯಾನ್ಸರುಗಳೂ ಮರಣದಲ್ಲಿ ಮುಗಿಯುವುದಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. ಕಾಲದಲ್ಲಿ ಕಂಡುಹಿಡಿದ ಸ್ತನದ, ಗರ್ಭಕೋಶದ ಕೊರಳಿನ, ಬಾಯಿಯ ಕ್ಯಾನ್ಸರುಗಳು ವಾಸಿಯಾಗತಕ್ಕವು. ಮೆಹರ್‌ಬಾಯಿಯವರನ್ನು ಒಯ್ದಂಥ ರೋಗದಿಂದಲೂ ಇಂದು ಅನೇಕ ಮಕ್ಕಳು ಪಾರಾಗುತ್ತಾರೆ. ಹೆಸರನ್ನು ಕೇಳಿದೊಡನೆ ತಿಥಿಯ ಸಾಮಗ್ರಿಯನ್ನು ಎಣಿಸುವುದೂ, ಹೆಸರನ್ನು ಮುಚ್ಚಿಟ್ಟು ಹಬ್ಬ ನಡೆಯಿಸುವುದೂ ಎರಡೂ ರೋಗಿಗೆ ಮಾಡುವ ಅನ್ಯಾಯವೇ.

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ತುಂಗಭದ್ರೆಯ ದಡಕ್ಕೆ ಅಮಾವಾಸ್ಯೆಯಂದು ಬರುವ ಜನರಲ್ಲಿ ಆಸ್ಪತ್ರೆಯ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಕರಿಬಸವೇಶ್ವರನಿಗೆ ಹರಕೆ ಹೊತ್ತವರೂ ಇಲ್ಲದಿಲ್ಲ. ಅವರನ್ನು ಮೂಢರೆಂದು ನಗುವುದು ಸುಲಭ. ಚಿಕಿತ್ಸೆಯನ್ನು ಬಿಟ್ಟು ಹರಕೆಯನ್ನೇ ನೆಚ್ಚಿದರೆ ಕೇಡು ನಿಶ್ಚಯ. ಆದರೆ ಚಿಕಿತ್ಸೆಯ ಜತೆಗೆ ಹೊತ್ತ ಹರಕೆಯಲ್ಲಿ ಒಂದು ಗುಣವುಂಟು. ದೇವರ ಮುಂದೆಯಾದರೂ ಮನೆಯವರು ಸಂಗತಿಯನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಅಲ್ಲಿ ಹೇಳಿದುದನ್ನು ಮನೆಗೆ ಬಂದು ರೋಗಿಯ ಬಳಿಯಲ್ಲಿಯೂ ಹೇಳಲು ಸಾಧ್ಯವಾದರೆ, ವಿಧಿಯಿಲ್ಲದ ಶೋಕಕ್ಕೆ ಒಂದು ವಿಧಿಯು ತಾನಾಗಿ ಹುಟ್ಟುತ್ತದೆ.

ಅದು ಕಠಿನವಾದ ವಿಧಿಯೇನೂ ಅಲ್ಲ. ರೋಗಿಯು ಎಷ್ಟನ್ನು ತಿಳಿಯಲು ಬಯಸುತ್ತಾನೆಂಬುದನ್ನು ಮೊದಲು ಅವನನ್ನೇ ಕೇಳುವುದು. ಕೇಳಿದಷ್ಟನ್ನು ಮರೆಮಾಚದೆ ಹೇಳುವುದು. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ತಿಳಿಸುವುದು. ಶುಶ್ರೂಷೆಯ ಭಾರವನ್ನು ಒಬ್ಬ ಸೊಸೆಯ ಮೇಲೆ ಹೊರಿಸದೆ ಹಂಚಿಕೊಳ್ಳುವುದು. ನೆರೆಯವರು ಹದಿಮೂರನೆಯ ದಿನದವರೆಗೆ ಕಾಯದೆ ಈಗಲೇ ಒಂದು ಹೊತ್ತಿನ ಅನ್ನವನ್ನು ತಂದಿಡುವುದು. ಮತ್ತು ತಟ್ಟೆಯನ್ನು ಬೇರೆಯಿಡದಿರುವುದು. ಇಷ್ಟು ನಡೆದ ಮನೆಗಳಲ್ಲಿಯೂ ದುಃಖವು ತಪ್ಪುವುದಿಲ್ಲ. ಆದರೆ ಸಾವು ಬಂದರೆ, ಆ ಬಳಿಕ "ಒಂದು ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ" ಎಂದು ವರ್ಷಗಟ್ಟಲೆ ಕೊರಗುವ ಎರಡನೆಯ ದುಃಖವು ಬಹುಮಟ್ಟಿಗೆ ತಪ್ಪುತ್ತದೆ. ಮೊದಲನೆಯದು ರೋಗವು ಕೊಟ್ಟದ್ದು. ಎರಡನೆಯದು ಮೌನವು ಕೊಟ್ಟದ್ದು.